ಕೊಲಂಬೊನ ಹಳೇ ಪ್ಯೂಜೊ

ಹಳೇ ಟಿವಿ ಸರಣಿಗಳ ಕಾರುಗಳ ಮಾತು ಬಂದಾಗ ಎಲ್ಲರ ಬಾಯಲ್ಲೂ ಮೊದಲು ಬರುವುದು ನೈಟ್ ರೈಡರ್‌ನ ಕಿಟ್. ಕಪ್ಪು ಪಾಂಟಿಯಾಕ್, ಮೂತಿಯಲ್ಲಿ ಅತ್ತಿಂದಿತ್ತ ಓಡುವ ಕೆಂಪು ದೀಪ, ಜೊತೆಗೆ ಮಾತು ಬೇರೆ ಆಡುತ್ತೆ. ನನಗೂ ಅದು ಇಷ್ಟವೇ. ಆದರೆ ನನ್ನ ಮನಸ್ಸಲ್ಲಿ ಕೂತಿರುವ ಕಾರಿಗೆ ನೆಟ್ಟಗೆ ಬಣ್ಣವೂ ಇಲ್ಲ. ಅದು ಕೊಲಂಬೊ ಅನ್ನುವ ಪತ್ತೇದಾರಿ ಸರಣಿಯ ಪೊಲೀಸ್ ಅಧಿಕಾರಿ ಲೆಫ್ಟಿನೆಂಟ್ ಕೊಲಂಬೊನ ಪ್ಯೂಜೊ 403.

ಕೊಲಂಬೊ ನೋಡಿದವರಿಗೆ ಗೊತ್ತು, ಅದರಲ್ಲಿ ಕೊಲೆ ಮಾಡಿದ್ದು ಯಾರು ಅಂತ ಶುರುವಿನಲ್ಲೇ ತೋರಿಸಿಬಿಡುತ್ತಾರೆ. ಕೊಲೆಗಾರ ಸಾಮಾನ್ಯವಾಗಿ ಲಾಸ್ ಏಂಜಲೀಸ್‌ನ ದೊಡ್ಡ ಮನುಷ್ಯ. ಡಾಕ್ಟರೋ, ಲೇಖಕನೋ, ರಾಜಕಾರಣಿಯೋ. ಅರಮನೆಯಂಥ ಮನೆ, ಎಲ್ಲೂ ಬಿರುಕಿಲ್ಲದ ಪ್ಲಾನ್. ಆ ಮನೆಯ ಮುಂದೆ ಈ ಕಾರು ಬಂದು ನಿಲ್ಲುತ್ತೆ. ಮೈಯೆಲ್ಲ ನೆಗ್ಗು, ಮಾಸಿದ ಬಣ್ಣ. ಒಳಗಿಂದ ಮುದುಡಿದ ರೇನ್‌ಕೋಟ್ ಹಾಕಿಕೊಂಡ ಕುಳ್ಳ ಮನುಷ್ಯ ಇಳಿಯುತ್ತಾನೆ. ಇವನೇನು ಮಾಡಿಯಾನು ಅಂತ ಕೊಲೆಗಾರ ನಿರಾಳವಾಗುತ್ತಾನೆ. ಅವನು ಸೋಲುವುದು ಅಲ್ಲೇ. ಕೊಲಂಬೊ ಇನ್ನೂ ಬಾಯಿ ಬಿಟ್ಟಿರುವುದಿಲ್ಲ, ಅಷ್ಟರಲ್ಲಿ ಕಾರು ಅರ್ಧ ಕೆಲಸ ಮುಗಿಸಿರುತ್ತೆ.

ಈ ಕಾರನ್ನು ಆರಿಸಿದ್ದು ಕೊಲಂಬೊನ ಪಾತ್ರ ಮಾಡಿದ ಪೀಟರ್ ಫಾಕ್ ಅವರೇ. ಯೂನಿವರ್ಸಲ್ ಸ್ಟುಡಿಯೊದಲ್ಲಿ ನಿಲ್ಲಿಸಿದ್ದ ಕಾರುಗಳನ್ನೆಲ್ಲ ನೋಡುತ್ತಾ ಹೋಗಿ, ಇದು ಕಣ್ಣಿಗೆ ಬಿದ್ದ ಕೂಡಲೇ ಇದೇ ಬೇಕು ಅಂದರು. ಆ ರೇನ್‌ಕೋಟೂ ಅವರ ಸ್ವಂತದ್ದೇ. ಪಾತ್ರವನ್ನು ಎಷ್ಟು ಒಳಗಿನಿಂದ ತಿಳಿದಿದ್ದರೆ ಒಬ್ಬ ನಟನಿಗೆ ಇದು ಹೊಳೆಯಬೇಕು!

ಇನ್ನೊಂದು ವಿಷಯ ಗೊತ್ತಾದಾಗ ನನಗೆ ಈ ಕಾರಿನ ಮೇಲೆ ಪ್ರೀತಿ ಜಾಸ್ತಿಯಾಯಿತು. 403 ಫ್ರಾನ್ಸ್‌ನಲ್ಲಿ 1955ರಲ್ಲಿ ಬಂದ ಕಾರು, ವಿನ್ಯಾಸ ಇಟಲಿಯ ಪಿನಿನ್‌ಫರೀನಾದ್ದು. ಒಟ್ಟು 12 ಲಕ್ಷಕ್ಕೂ ಹೆಚ್ಚು ತಯಾರಾದವು. ಆದರೆ ಕೊಲಂಬೊನ ಹತ್ತಿರ ಇರುವಂಥ, ಮೇಲಿನ ಟಾಪ್ ಮಡಚುವ ಮಾದರಿ ತಯಾರಾಗಿದ್ದು ಸುಮಾರು 2,000 ಮಾತ್ರ. ಅಂದರೆ ಎಲ್ಲರೂ ಗುಜರಿ ಅಂದುಕೊಂಡ ಆ ಕಾರು ನಿಜಕ್ಕೂ ಅಪರೂಪದ್ದು. ಕೊಲಂಬೊನ ಹಾಗೇ.

ದ ಡ್ಯೂಕ್ಸ್ ಆಫ್ ಹ್ಯಾಜರ್ಡ್ ಸರಣಿಯಲ್ಲಿ ಜನರಲ್ ಲೀ ಅನ್ನುವ ಕಿತ್ತಳೆ ಬಣ್ಣದ ಡಾಡ್ಜ್ ಚಾರ್ಜರ್ ಇತ್ತಲ್ಲ, 1979ರಿಂದ 1985ರ ತನಕ ಹಳ್ಳ ಕೊಳ್ಳ ಹಾರುತ್ತಲೇ ಇತ್ತು. ಹಾರಿ ಬಿದ್ದ ಕಾರಿನ ಚಾಸಿ ಬಗ್ಗಿ ಹೋಗುತ್ತಿತ್ತು. ಮುಂದಿನ ಶಾಟ್‌ನಲ್ಲಿ ಬೇರೊಂದು ಕಾರು ಏನೂ ಆಗಿಲ್ಲದಂತೆ ಓಡುತ್ತಿತ್ತು. ಹೀಗೆ ನೂರಾರು ಚಾರ್ಜರ್‌ಗಳು ಹಾಳಾದವು. ನೆನೆದರೆ ಹೊಟ್ಟೆ ಉರಿಯುತ್ತೆ. ಅಷ್ಟು ಪೆಟ್ಟು ತಿಂದರೂ ಪರದೆಯ ಮೇಲೆ ಆ ಕಾರಿಗೆ ಒಂದು ಗೀರೂ ಉಳಿಯಲಿಲ್ಲ. ಪ್ಯೂಜೊ ಮಾತ್ರ ಕಂತಿನಿಂದ ಕಂತಿಗೆ ನೆಗ್ಗುಗಳ ಸಮೇತವೇ ಬರುತ್ತೆ. ನಾನು ಮನಸೋತಿದ್ದು ಅದಕ್ಕೇ.

1973ರ ಒಂದು ಕಂತಿನಲ್ಲಿ ಗಸ್ತಿನ ಪೊಲೀಸರು ಈ ಕಾರನ್ನು ರಸ್ತೆ ಬದಿ ನಿಲ್ಲಿಸಿ ತಪಾಸಣೆ ಮಾಡುತ್ತಾರೆ. ಕೊಲಂಬೊನೂ ಪೊಲೀಸೇ, ಅವರಿಗಿಂತ ದೊಡ್ಡ ಅಧಿಕಾರಿ. ಆದರೂ ರೇಗುವುದಿಲ್ಲ. ಹೇಳಿದ್ದೆಲ್ಲ ಸುಮ್ನೆ ಕೇಳಿಸಿಕೊಳ್ಳುತ್ತಾನೆ. ನಾನು ಈ ದೃಶ್ಯವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಬುಡಾಪೆಸ್ಟ್‌ನ ಫಾಕ್ ಮಿಕ್ಷಾ ಬೀದಿಯಲ್ಲಿ 2014ರಲ್ಲಿ ಕೊಲಂಬೊನ ಕಂಚಿನ ಪ್ರತಿಮೆ ನಿಲ್ಲಿಸಿದ್ದಾರೆ. ತಲೆ ಕೆರೆದುಕೊಳ್ಳುತ್ತಾ ನಿಂತಿದ್ದಾನೆ, ಮುಂದೆ ಅವನ ನಾಯಿಯೂ ಇದೆ. ಫೋಟೊ ನೋಡಿ ತುಂಬ ಖುಷಿಯಾಯಿತು. ಆದರೆ ಕಾರು ಇಲ್ಲ. ಪಕ್ಕದಲ್ಲೇ, ಟಾಪ್ ಮೇಲೆತ್ತಿದ ಒಂದು ಕಂಚಿನ ಪ್ಯೂಜೊ ಇರಬೇಕಿತ್ತು ಅಲ್ವಾ? ನೆಗ್ಗುಗಳ ಸಮೇತ.