ಬಿದ್ದುಹೋದ ಪಾಯಿಖಾನೆಯ ಬೀಗದ ಕೈ

ಕಳೆದ ಭಾನುವಾರ ನಾನು ಓದಿದ ಮಲೆನಾಡಿನ ಹಳೆಯ ಶಾಲೆಯಲ್ಲಿ ಮಕ್ಕಳಿಗೆ ನಿಧಿ ಹುಡುಕುವ ಆಟ ಆಡಿಸಿ ಬಂದಂದಿನಿಂದ, ಬೀಗದ ಕೈಗಳ ಸದ್ದು ಕೇಳಿದರೆ ಸಾಕು, ನಾನು ಹಲ್ಲು ಕಚ್ಚಿಕೊಳ್ಳುತ್ತೇನೆ. "ನೀವು ಬರೆಯುವವರಲ್ಲವೇ, ಒಗಟು ಕಟ್ಟುವುದು ನಿಮಗೇನು ಮಹಾ" ಎಂದು ಹಳೆ ವಿದ್ಯಾರ್ಥಿಗಳ ಸಂಘದವರು ಉಬ್ಬಿಸಿದ್ದರಿಂದ, ಮೂರು ರಾತ್ರಿ ನಿದ್ದೆಗೆಟ್ಟು ಸುಳಿವಿನ ಚೀಟಿಗಳನ್ನು ಬರೆದಿದ್ದೆ.

"ಹೊಡೆದರೆ ಅಳುವುದಿಲ್ಲ, ಊರನ್ನೇ ಕರೆಯುತ್ತೇನೆ" ಎಂಬ ಮೊದಲ ಚೀಟಿಯನ್ನು ಓದಿ ಮುಗಿಸುವ ಮೊದಲೇ ಮಕ್ಕಳು ಜಗಲಿಯಲ್ಲಿ ತೂಗುವ ರೈಲು ಹಳಿಯ ತುಂಡಿನ ಬಳಿ ಇದ್ದರು. ಎರಡನೆಯದು ನನ್ನ ಹೆಮ್ಮೆಯ ಚೀಟಿ: "ಹುಟ್ಟಿದಾಗ ಒಂದು ಹೆಸರು, ಹದಿನೇಳು ತುಂಬಿದ ದಿನ ಇನ್ನೊಂದು." 1956ರ ನವೆಂಬರ್ 1ರಂದು ಒಂದಾದ ಮೈಸೂರು ರಾಜ್ಯ 1973ರ ನವೆಂಬರ್ 1ರಂದು ಕರ್ನಾಟಕವಾಯಿತಷ್ಟೆ, ಆದ್ದರಿಂದ ಇನ್ನೂ ‘ಮೈಸೂರು ರಾಜ್ಯ’ವೆಂದೇ ಹೇಳುತ್ತಿರುವ, ಗೆದ್ದಲು ತಿಂದ ಗೋಡೆಯ ಭೂಪಟದ ಹಿಂದೆ ಹುಡುಕಬೇಕೆಂಬುದು ನನ್ನ ಲೆಕ್ಕ. ಎರಡು ಜಡೆಯ ಹುಡುಗಿಯೊಬ್ಬಳು ನನ್ನನ್ನು ಅಪರಾಧಿಯಂತೆ ನೋಡಿ, "ಹದಿನೇಳಕ್ಕೇ ಮದುವೆ ಮಾಡಿ ಹೆಸರು ಬದಲಿಸಿದ್ದಾರಾ ಸಾರ್? ಹಾಗೆ ಮಾಡಬಾರದು, 1098ಕ್ಕೆ ಫೋನ್ ಮಾಡಬೇಕು" ಎಂದಳು. ಗೋಡೆಯ ಮೇಲೆ ಬರೆದಿದ್ದ ಆ ಮಕ್ಕಳ ಸಹಾಯವಾಣಿಯ ಸಂಖ್ಯೆಯನ್ನು ನನಗೆ ತೋರಿಸಲು ಹೋದವಳಿಗೆ, ಪಕ್ಕದ ಭೂಪಟದ ಹಿಂದಿನಿಂದ ಇಣುಕುತ್ತಿದ್ದ ಚೀಟಿ ಸಿಕ್ಕಿಬಿಟ್ಟಿತು.

ಹೀಗೆ ಅರ್ಧ ಗಂಟೆಯೊಳಗೆ ಎಲ್ಲರೂ ಕಚೇರಿ ಕೋಣೆಯ ತಗಡಿನ ಟ್ರಂಕಿನ ಮುಂದೆ ನಿಂತರು. ಒಳಗೆ ಹಿಂದಿನ ಸಂಜೆ ನಾನೇ ಇಟ್ಟ ಶೇಂಗಾ ಚಿಕ್ಕಿ, ಹೊರಗೆ ಬೀಗ. ಅದರ ಕೈಯನ್ನು ನಾನು ಜೇಬಿಗೆ ಹಾಕಿಕೊಂಡಿದ್ದರೆ ಈ ಬರಹವೇ ಇರುತ್ತಿರಲಿಲ್ಲ. "ನನ್ನ ಗೊಂಚಲಿನಲ್ಲಿದ್ದರೆ ಭದ್ರ ಮಾರಾಯ್ರೆ" ಎಂದು ಶಾಲೆಯ ಹಳೆಯ ಜವಾನರು ಕೈಯೊಡ್ಡಿದಾಗ ಕೊಟ್ಟುಬಿಟ್ಟಿದ್ದೆ.

ಊರೆಲ್ಲ ‘ಅಣ್ಣ’ ಎನ್ನುವ ಇವರು ನಿವೃತ್ತರಾಗಿ ಆರು ವರ್ಷವಾದರೂ ಗೊಂಚಲನ್ನು ಯಾರಿಗೂ ಒಪ್ಪಿಸಿಲ್ಲ. ಅದರಲ್ಲಿ ಅರವತ್ತು ಬೀಗದ ಕೈಗಳಾದರೂ ಇದ್ದವು. ಶಾಲೆಯಲ್ಲಿ ಇರುವುದು ಐದು ಬಾಗಿಲು. ಅಣ್ಣ ಒಂದೊಂದನ್ನೂ ಬೀಗಕ್ಕೆ ತೂರಿಸಿ, ತಿರುಗಿಸಿ, ಹೊರತೆಗೆದು, ಬೆಳಕಿಗೆ ಹಿಡಿದು, ಅದರ ಜಾತಕ ಹೇಳತೊಡಗಿದರು. "ಇದು ಪಾಯಿಖಾನೆಯದ್ದು." ಆ ಪಾಯಿಖಾನೆ ಮಳೆಗೆ ಬಿದ್ದು ಹನ್ನೆರಡು ವರ್ಷವಾಯಿತಲ್ಲ ಎಂದೆ. "ಪಾಯಿಖಾನೆ ಬಿದ್ದರೆ ಬೀಗದ ಕೈ ಬಿತ್ತೇ? ನಾಳೆ ಆಡಿಟ್‌ನವರು ಕೇಳಿದರೆ?" ಇನ್ನೊಂದು, ಹಿಂದಿನ ಹೆಡ್‌ಮಾಸ್ತರರು ಮಾರಿದ ಸೈಕಲ್ಲಿನದು. ಮತ್ತೊಂದು ಯಾವುದರದ್ದೆಂದು ಅವರಿಗೇ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬಿಸಾಡುವುದು ಹೇಗೆ? ಇಪ್ಪತ್ತು ದಾಟುವಾಗ ಕೆಮ್ಮು ಬಂತು, ನೀರು ಕುಡಿದರು, ಎಲ್ಲಿಗೆ ನಿಲ್ಲಿಸಿದ್ದೆಂದು ಮರೆತು ಮತ್ತೆ ಪಾಯಿಖಾನೆಯಿಂದಲೇ ಆರಂಭಿಸಿದರು.

ಹೊತ್ತು ಹೋಗಲೆಂದು ನಾನು ಕಪಾಟಿನಿಂದ ಹಳೆಯ ದಾಖಲಾತಿ ರಿಜಿಸ್ಟರ್ ತೆಗೆದೆ. ನನ್ನ ವರ್ಷದ ಹದಿನಾಲ್ಕು ಮಕ್ಕಳಲ್ಲಿ ಹನ್ನೊಂದು ಮಂದಿ ಜೂನ್ 1ರಂದೇ ಹುಟ್ಟಿದ್ದೆವು. ಹುಟ್ಟಿಸಿದವರು ಆಗಿನ ಹೆಡ್‌ಮಾಸ್ತರರು. ನನ್ನ ಸಾಲಿನ ಕೊನೆಗೆ ಅಪ್ಪನ ಸಹಿ, ನೀಲಿ ಶಾಯಿಯಲ್ಲಿ, ಗೆರೆ ದಾಟಿ ನೆರೆಮನೆಯವರ ಸಾಲಿಗೆ ನುಗ್ಗಿತ್ತು. ಬೇಲಿ ಹಾಕುವಾಗಲೂ ಅಪ್ಪ ಹೀಗೆಯೇ ಎಂದು ಅವರು ಜಗಳಕ್ಕೆ ಬರುತ್ತಿದ್ದರು. ಈಗ ಇಬ್ಬರೂ ಇಲ್ಲ. ಆ ಸಹಿಯ ಮೇಲೆ ಬೆರಳಿಟ್ಟುಕೊಂಡು ಸ್ವಲ್ಪ ಹೊತ್ತು ಕುಳಿತಿದ್ದೆ.

ತಲೆಯೆತ್ತುವಷ್ಟರಲ್ಲಿ ಎರಡು ಜಡೆಯವಳು ಟ್ರಂಕಿನ ಹಿಂದೆ ಕುಳಿತು, ತುಕ್ಕು ಹಿಡಿದ ತಿರುಗಣಿಯ ಕಡ್ಡಿಗಳನ್ನು ಕಂಪಾಸಿನ ಮೊನೆಯಿಂದ ಎಳೆದು ಮುಗಿಸಿದ್ದಳು. ಮುಚ್ಚಳ ಹಿಂದಿನಿಂದ ಎದ್ದಿತು. ಚಿಕ್ಕಿ ಎರಡೇ ನಿಮಿಷದಲ್ಲಿ ಖಾಲಿಯಾಯಿತು. ಎದುರಿಗೆ ಅಣ್ಣ ಮೂವತ್ತೆಂಟನೆಯ ಕೈಯ ಜಾತಕದಲ್ಲಿದ್ದರು.

ಇಂದು ಬೆಳಗ್ಗೆ ಅವರದೇ ಫೋನು. "ಸಿಕ್ಕಿತು ಮಾರಾಯ್ರೆ, ಅಂಗಿಯ ಜೇಬಿನಲ್ಲೇ ಇತ್ತು. ಬೀಗ ತೆಗೆದು ನೋಡಿ, ಮತ್ತೆ ಹಾಕಿದ್ದೇನೆ. ಈಗ ಭದ್ರವಾಗಿದೆ."