ನಿಮ್ಮ ತಲೆ ಮೇಲೆ ಎಷ್ಟು ಟನ್ ಮಣ್ಣಿದೆ?

ನಾನು ಸೊಲ್ಲಾಪುರಕ್ಕೆ ಬಂದು ಹದಿನಾರು ವರ್ಷ ಆಯಿತು. ಊರು ಆಳಂದ ತಾಲೂಕಿನ ಒಂದು ಹಳ್ಳಿ. ಬೆಳಿಗ್ಗೆ ಇಲ್ಲಿ ಬಸ್ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಊರಲ್ಲಿರುತ್ತೇನೆ. ಎರಡೂ ಕಡೆ ಅದೇ ಜೋಳದ ರೊಟ್ಟಿ, ಅದೇ ಶೇಂಗಾ ಚಟ್ನಿ, ಹಳ್ಳಿಗಳಲ್ಲಿ ಅದೇ ಮಾಳಿಗೆ ಮನೆಗಳು, ಅಂದರೆ ಕಲ್ಲು ಮಣ್ಣಿನ ಗೋಡೆ, ಮೇಲೆ ಜಂತಿ ಅನ್ನುವ ಮರದ ತೊಲೆಗಳ ಮೇಲೆ ಮಣ್ಣು ಹಾಕಿದ ಚಪ್ಪಟೆ ಸೂರು. ಒಂದು ವಿಷಯದಲ್ಲಿ ಮಾತ್ರ ಬಹಳ ಫರಕು ಇದೆ. ಭೂಕಂಪದ ಮಾತು ಬಂದರೆ ಇಲ್ಲಿಯ ಹಿರಿಯರು ಮಾಳಿಗೆ ಕಡೆ ನೋಡುತ್ತಾರೆ, ನಮ್ಮೂರಿನವರು ನೆಲ ನೋಡುತ್ತಾರೆ.

ನಮ್ಮ ಪಕ್ಕದ ಮನೆಯ ಮಾವಶಿಯ ತವರು ಉಮರ್ಗಾ ಕಡೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪ ಆದಾಗ ಅವರು ಅಲ್ಲೇ ಇದ್ದರು. ಜನ ಗಣಪತಿ ಕಳಿಸಿ ಬಂದು ದಣಿದು ಮಲಗಿದ್ದರು, ಗಂಟೆ ಇನ್ನೂ ನಾಲ್ಕು ಆಗಿರಲಿಲ್ಲ. ಲಾತೂರು ಮತ್ತು ಈಗ ಧಾರಾಶಿವ ಅನ್ನುವ ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ತೀವ್ರತೆ 6.2. ಇಷ್ಟೇ ಜೋರಿನ ಭೂಕಂಪ ಆಗಿಯೂ ಬೆರಳೆಣಿಕೆಯಷ್ಟು ಜನ ಮಾತ್ರ ಸತ್ತ ದೇಶಗಳಿವೆ. ಇಲ್ಲಿ ಜನರನ್ನು ಕೊಂದದ್ದು ಅವರವರ ಮನೆ. ಮಾವಶಿ ಇವತ್ತಿಗೂ ಮಲಗುವ ಮುಂಚೆ ಬಾಗಿಲಿನ ಹಿಂದೆ ಏನೂ ಇಲ್ಲ ಅಂತ ಕೈಯಾಡಿಸಿ ನೋಡುತ್ತಾರೆ. ಆ ದಿನ ಅವರ ಮನೆ ಬಾಗಿಲಿಗೆ ಟ್ರಂಕ್ ಅಡ್ಡ ಬಿದ್ದಿತ್ತಂತೆ.

ನಮ್ಮ ಮಾಳಿಗೆ ಮನೆ ಹೇಗೆ ಬೀಳುತ್ತದೆ ಅನ್ನುವುದನ್ನು ಸ್ವಲ್ಪ ನೋಡೋಣ. ಗೋಡೆ ಎರಡಡಿ ದಪ್ಪ ಇರುತ್ತದೆ, ನೋಡಿದರೆ ಕೋಟೆ ಥರ ಕಾಣುತ್ತದೆ. ಆದರೆ ಅದು ಒಂದು ಗೋಡೆ ಅಲ್ಲ, ಎರಡು. ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು, ನಡುವೆ ಕೆಸರು, ಚೂರುಗಲ್ಲು. ಎರಡೂ ಸಾಲುಗಳನ್ನು ಹಿಡಿದು ನಿಲ್ಲಿಸುವ ಉದ್ದ ಕಲ್ಲು ಎಷ್ಟೋ ಮನೆಗಳಲ್ಲಿ ಇರುವುದೇ ಇಲ್ಲ. ನೆಲ ಅಲುಗಿದರೆ ಗೋಡೆ ಹೊಟ್ಟೆ ಬಿಟ್ಟು ಎರಡಾಗಿ ಸೀಳುತ್ತದೆ, ಮೇಲಿನ ಮಣ್ಣು ಜಂತಿ ಸಮೇತ ಕೆಳಗೆ ಬರುತ್ತದೆ. ಮಳೆಗಾಲಕ್ಕೆ ಮುಂಚೆ ಸೋರಬಾರದು ಅಂತ ಮಾಳಿಗೆ ಮೇಲೆ ಹೊಸ ಮಣ್ಣು ಹಾಕುತ್ತಾರಲ್ವಾ, ಹಳೆಯದನ್ನು ಯಾರೂ ತೆಗೆಯುವುದಿಲ್ಲ. ಹತ್ತಡಿ ಉದ್ದ ಹತ್ತಡಿ ಅಗಲದ ಕೋಣೆ ಮೇಲೆ ಒಂದಡಿ ಮಣ್ಣಿದ್ದರೆ ಅದೇ ನಾಲ್ಕು ಟನ್ನಿಗೂ ಜಾಸ್ತಿ. ನೆನೆದರೆ ಇನ್ನೂ ಭಾರ. ಅದರ ಕೆಳಗೆ ನಮ್ಮ ಮಕ್ಕಳು ಮಲಗುತ್ತಾರೆ.

ಇದನ್ನು ಕಾಕಾನ ಮುಂದೆ ಹೇಳಿದೆ. “ನಿಮ್ಮ ಮುತ್ಯಾ ಕಟ್ಟಿಸಿದ ಗೋಡಿ ಇದು, ಆನಿ ಗುದ್ದಿದರೂ ಬೀಳೂದಿಲ್ಲ” ಅಂದರು. ಕಿಲ್ಲಾರಿಯಲ್ಲೂ ಅವೆಲ್ಲ ಅಜ್ಜ, ಮುತ್ಯಾಗಳು ಕಟ್ಟಿಸಿದ ಗೋಡೆಗಳೇ. ಆಗಿನ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು 1ನೇ ವಲಯದಲ್ಲಿ, ಅಂದರೆ ದೇಶದಲ್ಲಿ ಭೂಕಂಪದ ಭಯ ಎಲ್ಲಕ್ಕಿಂತ ಕಡಿಮೆ ಅಂತ ಬರೆದಿಟ್ಟ ಜಾಗದಲ್ಲಿ. 2002ರಲ್ಲಿ ಆ ವಲಯವನ್ನೇ ನಕ್ಷೆಯಿಂದ ತೆಗೆದರು. ನಮ್ಮ ಆಳಂದಕ್ಕೂ ಕಿಲ್ಲಾರಿಗೂ ನಡುವೆ ನೂರು ಕಿಲೋಮೀಟರ್ ಕೂಡ ಇಲ್ಲ. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲೂಕಿನ ಗಡಿಕೇಶ್ವರದಲ್ಲಿ ನೆಲ ಮತ್ತೆ ಮತ್ತೆ ನಡುಗಿ ಜನ ರಾತ್ರಿ ಬಯಲಲ್ಲಿ ಮಲಗಿದ್ದು ನೆನಪಿದೆ ತಾನೇ? ಆಗ ನಮ್ಮೂರಲ್ಲೂ ನಾಲ್ಕು ದಿನ ಅದೇ ಮಾತು. ಆಮೇಲೆ ತೊಗರಿ ರೇಟಿನ ಮಾತು ಬಂತು.

ಮಹಾರಾಷ್ಟ್ರದವರು ಎಲ್ಲವನ್ನೂ ಸರಿ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಭೂಕಂಪದ ನಂತರ 52 ಹಳ್ಳಿಗಳನ್ನು ಬೇರೆ ಜಾಗಕ್ಕೆ ಎಬ್ಬಿಸಿದರು, ಹೊಲ ಒಂದು ಕಡೆ ಮನೆ ಒಂದು ಕಡೆ ಆಯಿತು ಅಂತ ಜನ ಕಷ್ಟಪಟ್ಟರು. ನನಗೆ ದೊಡ್ಡದು ಅನಿಸುವುದು ಬೇರೆ ಕೆಲಸ. ಬೀಳದೆ ಉಳಿದ ಮನೆಗಳನ್ನು ಗಟ್ಟಿ ಮಾಡುವ ಯೋಜನೆಯಲ್ಲಿ ಹಳ್ಳಿಯ ಹೆಂಗಸರನ್ನೇ ಸಂವಾದ ಸಹಾಯಕರು ಅಂತ ನೇಮಿಸಿದ್ದರು. ಹೊಲದ ಕೆಲಸ ಮಾಡುತ್ತಿದ್ದ ಹೆಂಗಸರು ಮನೆ ಮನೆಗೆ ಹೋಗಿ ಹೇಗೆ ಕಟ್ಟಿಸಬೇಕು ಅಂತ ತಿಳಿಸಿ ಹೇಳಿದರು. ಗೋಡೆಗೆ ಅಲ್ಲಲ್ಲಿ ಈ ಕಡೆಯಿಂದ ಆ ಕಡೆಗೆ ತೂತು ಕೊರೆದು, ಕಬ್ಬಿಣದ ಸರಳು ಇಟ್ಟು ಕಾಂಕ್ರೀಟ್ ತುಂಬಿದರೆ ಎರಡು ಸಾಲು ಕಲ್ಲು ಒಂದಾಗುತ್ತವೆ. ಬಾಗಿಲಿನ ಮೇಲ್ಮಟ್ಟದಲ್ಲಿ ಮನೆ ಸುತ್ತ ಒಂದು ಪಟ್ಟಿ ಕಟ್ಟಿದರೆ ಗೋಡೆಗಳು ಒಂದನ್ನೊಂದು ಬಿಡುವುದಿಲ್ಲ. ಮಾಳಿಗೆಯ ಮಣ್ಣನ್ನು ಇಳಿಸಿದರೆ ಅರ್ಧ ಭಯ ಹೋದ ಹಾಗೆ. ಇದಕ್ಕೆ ಇಡೀ ಮನೆ ಕೆಡವಬೇಕಾಗಿಲ್ಲ. ಈ ಕೆಲಸ ಗೊತ್ತಿರುವ ಗೌಂಡಿಗಳು ಉಮರ್ಗಾ, ಔಸಾ ಕಡೆ ಇದ್ದಾರೆ, ಅವರಿಗೂ ವಯಸ್ಸಾಗುತ್ತಿದೆ. ಮದುವೆ ಸಂಬಂಧಕ್ಕೆ ಗಡಿ ದಾಟುವ ನಾವು ಈ ಒಂದು ವಿದ್ಯೆಗೆ ಯಾಕೆ ದಾಟುವುದಿಲ್ಲ?

ಇನ್ನು ಕೆಲಸದ ಜಾಗ. 2025ರ ಮೇ ತಿಂಗಳಲ್ಲಿ ಇಲ್ಲಿಯ ಅಕ್ಕಲಕೋಟೆ ರಸ್ತೆ ಎಂಐಡಿಸಿ ಅನ್ನುವ ಕೈಗಾರಿಕಾ ಪ್ರದೇಶದ ಒಂದು ಟವೆಲ್ ಕಾರ್ಖಾನೆಗೆ ನಸುಕಿನಲ್ಲಿ ಬೆಂಕಿ ಬಿದ್ದು 8 ಜನ ಸತ್ತರು. ನಾನು ಇರುವುದೂ ಟವೆಲ್ ಧಂದೆಯಲ್ಲೇ, ಹಾಗಾಗಿ ಅದು ದೂರದ ಸುದ್ದಿ ಆಗಲಿಲ್ಲ. ಆಮೇಲೆ ನಮ್ಮಲ್ಲಿ ಒಂದು ಮಾಕ್ ಡ್ರಿಲ್ ಮಾಡಿದರು. ಗಂಟೆ ಬಾರಿಸಿತು, ಎಲ್ಲರೂ ಅಂಗಳಕ್ಕೆ ಬಂದೆವು. ಎಣಿಸೋಣ ಅಂದರೆ ಹಾಜರಿ ಪುಸ್ತಕ ಮೇಲಿನ ಆಫೀಸಿನಲ್ಲೇ ಉಳಿದಿತ್ತು. ಇರುವವರನ್ನು ಎಣಿಸಬಹುದು, ಇಲ್ಲದವರು ಯಾರು ಅಂತ ಹೇಗೆ ಗೊತ್ತಾಗಬೇಕು? ಹತ್ತು ನಿಮಿಷದ ಮೇಲೆ ನೆನಪಾಯಿತು, ರಾತ್ರಿ ಪಾಳಿ ಮುಗಿಸಿದ ಒಬ್ಬ ಹುಡುಗ ನೂಲಿನ ಗೋದಾಮಿನಲ್ಲಿ ಮಲಗಿದ್ದ. ಅವನಿಗೆ ಗಂಟೆ ಕೇಳಿಸಿರಲಿಲ್ಲ. ಅವನು ಕಣ್ಣು ಉಜ್ಜಿಕೊಂಡು ಹೊರಗೆ ಬಂದಾಗ ನನ್ನ ಕೈ ನಡುಗುತ್ತಿತ್ತು.

ಈಗ ಹಾಜರಿ ಪುಸ್ತಕದ ಒಂದು ಪ್ರತಿ ಗೇಟಿನಲ್ಲಿ ಇರುತ್ತದೆ. ಹಿಂದಿನ ಬಾಗಿಲಿಗೆ ಒತ್ತಿದ್ದ ಗಂಟುಗಳನ್ನು ತೆಗೆಸಿದ್ದೇವೆ. ಒಳಗೆ ಯಾರೇ ಇದ್ದರೂ ಶಟರಿಗೆ ಹೊರಗಿನಿಂದ ಬೀಗ ಹಾಕುವ ಹಾಗಿಲ್ಲ. ಸೂಚನೆಯ ಬೋರ್ಡನ್ನು ಮರಾಠಿ ಜೊತೆ ಕನ್ನಡ, ತೆಲುಗಿನಲ್ಲೂ ಬರೆಸಿದೆವು, ಯಾಕಂದರೆ ಮಗ್ಗದ ಮುಂದೆ ನಿಂತವರಲ್ಲಿ ಮೂರೂ ಭಾಷೆಯವರು ಇದ್ದಾರೆ, ಬೆಂಕಿ ಕಂಡಾಗ ಯಾರೂ ಎರಡನೇ ಭಾಷೆಯಲ್ಲಿ ಓದುತ್ತಾ ನಿಲ್ಲುವುದಿಲ್ಲ.

ಮನೆಯಲ್ಲಿ ಮಾಡಬೇಕಾದ್ದು ಇದಕ್ಕಿಂತ ಸುಲಭ. ಅಟ್ಟದ ಮೇಲಿನ ತಾಮ್ರದ ಹಂಡೆ, ಬೀಸುವ ಕಲ್ಲು ಮಂಚದ ನೇರಕ್ಕೆ ಇರಬಾರದು. ಕಬ್ಬಿಣದ ಅಲಮಾರಿಯನ್ನು ಗೋಡೆಗೆ ಕ್ಲಾಂಪ್ ಹಾಕಿ ಬಿಗಿಯಿರಿ. ರಾತ್ರಿ ಸಿಲಿಂಡರ್ ರೆಗ್ಯುಲೇಟರ್ ಬಂದ್ ಮಾಡಿ, ಚಪ್ಪಲಿ ಮತ್ತು ಬ್ಯಾಟರಿ ಹಾಸಿಗೆ ಪಕ್ಕ ಇಡಿ. ಆಧಾರ್, ಹೊಲದ ಪಹಣಿ, ಪಾಸ್‌ಬುಕ್ ಪ್ಲಾಸ್ಟಿಕ್ ಚೀಲದಲ್ಲಿ ಒಂದೇ ಕಡೆ ಇರಲಿ. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿದಾಗ ಅಫಜಲಪುರ ಕಡೆಯ ನಮ್ಮ ಬೀಗರು ಕೊರಳಮಟ್ಟ ನೀರಲ್ಲಿ ಪತ್ರಗಳನ್ನು ಹುಡುಕಿದರು. ಎಲ್ಲರೂ ಹೊರಗೆ ಬಂದು ಎಲ್ಲಿ ಸೇರಬೇಕು ಅನ್ನುವುದನ್ನು ಮಕ್ಕಳಿಂದಲೇ ಬಾಯಲ್ಲಿ ಹೇಳಿಸಿ. ಗೋಡೆ, ಕರೆಂಟ್ ಕಂಬ ಇಲ್ಲದ ಬಯಲು ಆಗಬೇಕು.

ಹೋದ ತಿಂಗಳು ಮಾವಶಿಯನ್ನು ಊರಿಗೆ ಕರೆದುಕೊಂಡು ಹೋಗಿದ್ದೆ. ನಾನು ಹೇಳಿದ್ದು ಕಾಕಾನ ತಲೆಗೆ ಹೋಗಿರಲಿಲ್ಲ. ಮಾವಶಿ ಜಾಸ್ತಿ ಏನೂ ಹೇಳಲಿಲ್ಲ. ಪಡಸಾಲೆಯಲ್ಲಿ ನಿಂತು ಜಂತಿ ನೋಡಿದರು, ಆಮೇಲೆ ಮೊಮ್ಮಕ್ಕಳು ಎಲ್ಲಿ ಮಲಗುತ್ತಾರೆ ಅಂತ ಕಾಕಾನನ್ನು ಕೇಳಿದರು. ದೀಪಾವಳಿಗೆ ಉಮರ್ಗಾದ ಗೌಂಡಿ ನಮ್ಮೂರಿಗೆ ಬರುತ್ತಿದ್ದಾನೆ. ಕಾಕಾ ಸದ್ಯಕ್ಕೆ ಒಂದು ಕೋಣೆಯ ಮಣ್ಣು ಇಳಿಸಲು ಒಪ್ಪಿದ್ದಾರೆ, ಮಕ್ಕಳು ಮಲಗುವ ಕೋಣೆಯದು.