ಖಾಲಿ ಸೈಟಿಗೆ ರಾತ್ರಿಯೆಲ್ಲ ಲೈಟ್ ಯಾಕೆ?

ನಿನ್ನೆ ರಾತ್ರಿಯಿಂದ ತಲೆ ಕೆಟ್ಟೋಗಿದೆ, ಬರ್ದೇ ಬಿಡ್ತೀನಿ. ದೇವರಾಯನದುರ್ಗದ ತಪ್ಪಲಲ್ಲಿ ನಾವು ಯಾವಾಗ್ಲೂ ರಾತ್ರಿ ಆಕಾಶ ನೋಡೋಕೆ ಗಾಡಿ ನಿಲ್ಸಿ ಕೂರ್ತೀವಲ್ಲ, ಆ ಬಂಡೆ ಎದುರಿಗೇ ಹೊಸ ಲೇಔಟ್ ಬಂದಿದೆ. ಒಂದ್ ಮನೇನೂ ಎದ್ದಿಲ್ಲ. ಬರೀ ಕಲ್ಲು ನೆಟ್ಟಿರೋ ಸೈಟು, ಒಂದು ಕಮಾನು, ಕಮಾನಿನ ಬುಡದಲ್ಲಿ ಆಕಾಶಕ್ಕೆ ಮುಖ ಮಾಡಿರೋ ಫ್ಲಡ್‌ಲೈಟು, ರಸ್ತೆ ಉದ್ದಕ್ಕೂ ಬಿಳೀ ಎಲ್‌ಇಡಿ ಕಂಬ. ಮಧ್ಯರಾತ್ರಿ ಯಾರಿಗೋಸ್ಕರ ಉರೀತಿವೆ ಇವು?

ಅಮಾವಾಸ್ಯೆ ಆಸುಪಾಸು, ವೃಶ್ಚಿಕ ಪೂರ್ತಿ ಮೇಲೆ ಬಂದಿರೋ ಹೊತ್ತು. ಜ್ಯೇಷ್ಠಾ ನಕ್ಷತ್ರ ಒಂದು ಕೆಂಪಗೆ ಕಾಣ್ತು. ಚೇಳಿನ ಕೊಂಡಿ ಹತ್ರ ಹಾಲುಹಾದಿ ದಟ್ಟವಾಗಿ ಇರ್ಬೇಕಾದ ಜಾಗದಲ್ಲಿ ಬರೀ ಬೂದಿ ಬಣ್ಣ. ಬೆಂಗಳೂರಿನ ಕಡೆ ದಿಗಂತ ಮೊದಲಿಂದ್ಲೂ ಬೆಳ್ಳಗೇ ಇತ್ತು, ಅದನ್ನ ಹೇಗೋ ಸಹಿಸ್ಕೊಂಡಿದ್ವಿ, ಈಗ ಕಾಡಿನ ಬಾಗಿಲಿಗೇ ಲೈಟ್ ತಂದಿಟ್ಟಿದಾರೆ. ನತ್ತಿಂಗ ಹಕ್ಕಿ ಕೂಗೋದು ಕೇಳಿದೀರಾ ನೀವು? ಸಿಮೆಂಟ್ ನೆಲದ ಮೇಲೆ ಗೋಲಿ ಬಿದ್ದು ಪುಟಿದು ಪುಟಿದು ನಿಂತಂಗೆ, ಚಕ್ ಚಕ್ ಚಕ್ಕರ್ರ್ ಅಂತ. ಆ ಮಣ್ಣು ದಾರೀಲಿ ಅದು ನೆಲಕ್ಕಂಟಿ ಕೂತಿರೋದು, ಟಾರ್ಚ್ ಬಿಟ್ರೆ ಎರಡು ಕಣ್ಣು ಕೆಂಡದ ಬಣ್ಣ, ಹತ್ರ ಹೋಗೋವರೆಗೂ ಹಕ್ಕಿ ಅಂತ್ಲೇ ಗೊತ್ತಾಗಲ್ಲ. ನಿನ್ನೆ ಎಷ್ಟು ಹೊತ್ತು ಕೂತ್ರೂ ಒಂದೂ ಕೂಗ್ಲಿಲ್ಲ. ಮಿಂಚುಹುಳ ಅಂತೂ ಬಿಡಿ, ಗಂಡು ಹೆಣ್ಣು ಒಂದನ್ನೊಂದು ಗುರುತು ಹಿಡಿಯೋದೇ ಮಿಣುಕಿನ ಲಯದಿಂದ, ಅಷ್ಟು ಬೆಳಕಲ್ಲಿ ಅವುಕ್ಕೆ ಜೊತೆ ಸಿಗೋದು ಹೇಗೆ? ಕಾಡುಪಾಪ ಇರೋ ಸೀಮೆ ಸ್ವಾಮಿ ಇದು, ರಾತ್ರಿ ಹೊತ್ತು ಹುಳ ಹಿಡ್ಕೊಂಡು ಬದುಕೋ ಜೀವ.

ಲೈಟ್ ಇಲ್ದಿದ್ರೆ ಕಳ್ಳರ ಕಾಟ, ಹೆಣ್ಮಕ್ಕಳು ಓಡಾಡೋದು ಹೇಗೆ ಅಂತಾರೆ. ನಾನೂ ಹೆಣ್ಣೇ, ರಾತ್ರಿ ಪಾಳಿ ಮುಗಿಸಿ ಒಬ್ಳೇ ಸ್ಕೂಟಿಯಲ್ಲಿ ಬರೋಳು, ಹೆದರಿಕೆ ಏನು ಅಂತ ನನಗೆ ಯಾರೂ ಹೇಳ್ಕೊಡೋದು ಬೇಡ. ಕಣ್ಣಿಗೆ ನೇರ ಹೊಡೆಯೋ ಬಿಳೀ ಲೈಟಿಂದ ಕಂಬದ ಹಿಂದೆ ಯಾರು ನಿಂತಿದಾರೆ ಅನ್ನೋದೇ ಕಾಣಲ್ಲ. ರಸ್ತೆ ಕಾಣ್ಬೇಕಂದ್ರೆ ಬೆಳಕು ರಸ್ತೆ ಮೇಲೆ ಬೀಳ್ಬೇಕು, ಮೋಡದ ಮೇಲಲ್ಲ. ದೀಪದ ಮೇಲೆ ಮುಚ್ಚಳ ಇರ್ಲಿ, ಬಣ್ಣ ಹಳದಿ ಇರ್ಲಿ, ಯಾಕಂದ್ರೆ ನೀಲಿ ಅಂಶ ಜಾಸ್ತಿ ಇರೋ ಬಿಳೀ ಬೆಳಕೇ ಗಾಳೀಲಿ ಹೆಚ್ಚು ಚದುರೋದು, ಅದೇ ಆಕಾಶನ ಬೆಳ್ಳಗೆ ಮಾಡೋದು.

ಆಗದ ಕೆಲಸ ಅಂತೂ ಅಲ್ಲ. ಮಹಾರಾಷ್ಟ್ರದ ಪೆಂಚ್ ಹುಲಿ ಅಭಯಾರಣ್ಯದಲ್ಲಿ, ನಾಗಪುರದಂಥಾ ದೊಡ್ಡ ಊರು ಪಕ್ಕದಲ್ಲೇ ಇದ್ರೂ, ಸುತ್ತಲಿನ ಹಳ್ಳಿಗಳ ಬೀದಿದೀಪಗಳನ್ನ ನೆಲಕ್ಕೆ ಮುಖ ಮಾಡಿಸಿದ್ರು, 2024ರಲ್ಲಿ ಅದಕ್ಕೆ ಡಾರ್ಕ್ ಸ್ಕೈ ಪಾರ್ಕ್, ಅಂದ್ರೆ ರಾತ್ರಿ ಆಕಾಶದ ಕತ್ತಲು ಕಾಪಾಡಿರೋ ಜಾಗ ಅನ್ನೋ ಮಾನ್ಯತೆ ಸಿಕ್ತು. ಲಡಾಖಿನ ಹಾನ್ಲೆ 2022ರಲ್ಲೇ ಡಾರ್ಕ್ ಸ್ಕೈ ರಿಸರ್ವ್ ಆಯ್ತು, ಊರಿನ ಜನಾನೇ ಟೆಲಿಸ್ಕೋಪ್ ಇಟ್ಕೊಂಡು ಬಂದೋರಿಗೆ ಆಕಾಶ ತೋರಿಸಿ ನಾಲ್ಕು ಕಾಸು ನೋಡ್ತಿದಾರೆ. ಆ ಹಾನ್ಲೆಯ 2 ಮೀಟರ್ ದೂರದರ್ಶಕ ನಡೆಸೋದು ಎಲ್ಲಿಂದ ಗೊತ್ತಾ? ನಮ್ಮ ಹೊಸಕೋಟೆಯಿಂದ, ಉಪಗ್ರಹದ ಮೂಲಕ! ಅಷ್ಟು ದೂರದ ಆಕಾಶನ ಇಲ್ಲಿ ಕೂತ್ಕೊಂಡು ನೋಡೋ ತಿಳುವಳಿಕೆ ಇರೋ ನಾಡಲ್ಲಿ ನಮ್ಮ ತಲೆ ಮೇಲಿನ ಆಕಾಶಕ್ಕೆ ಕೇಳೋರಿಲ್ಲ ಅಂದ್ರೆ ಹೊಟ್ಟೆ ಉರಿಯಲ್ವಾ?

ಸೋಮವಾರ ಪಂಚಾಯ್ತಿಗೆ ಅರ್ಜಿ ಕೊಡ್ತಿದೀನಿ. ಕಮಾನಿನ ಫ್ಲಡ್‌ಲೈಟ್ ತೆಗೀರಿ, ಕಂಬದ ದೀಪಕ್ಕೆ ಮುಚ್ಚಳ ಹಾಕ್ಸಿ, ಮನೆಗಳು ಏಳೋವರೆಗೂ ಹತ್ತು ಗಂಟೆ ಮೇಲೆ ಆರ್ಸಿ, ಇಷ್ಟೇ ಬರ್ದಿರೋದು. ತುಮಕೂರಿನ ಕಡೆಯೋರು ಸಹಿ ಹಾಕೋಕೆ ಬರೋದಾದ್ರೆ ಭಾನುವಾರ ಸಂಜೆ ಒಳಗೆ ಫೋನ್ ಮಾಡಿ.